ತೀರ್ಥ ಕುಡಿದ ಮೇಲೆ ಅಳೆಯಬಾರದು

ಕೊಡಗಿನಲ್ಲೂ ನೀರಿಗೆ ತತ್ವಾರವೇ ಎಂದು ಕೇಳುವವರೆಲ್ಲ ಮಳೆಗಾಲದಲ್ಲಿ ಬಂದು ಹೋದವರು. ಅವರಿಗೆ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಕಕ್ಕಡ ತಿಂಗಳ ಜಡಿಮಳೆಯಲ್ಲಿ ಅಂಗಳದ ಪಾಚಿಗೆ ಕಾಲು ಜಾರಿ ಸೊಂಟ ಉಳುಕಿಸಿಕೊಳ್ಳುವ ಊರಿನಲ್ಲೇ, ಶಿವರಾತ್ರಿ ಕಳೆದ ಮೇಲೆ ಅಕ್ಕಿ ತೊಳೆದ ನೀರನ್ನು ಚೆಲ್ಲದೆ ಅದರಲ್ಲೇ ಪಾತ್ರೆ ತೊಳೆದವಳು ನಾನು. ಮಾದಾಪುರದಲ್ಲಿ ಬಸ್ಸಿನಿಂದ ಇಳಿದು ಕಾಫಿ ತೋಟಗಳ ನಡುವಿನ ಕಾಲುದಾರಿ ಹಿಡಿದರೆ ಆ ಊರು. ಆಚೆ ಈಚೆ ಗುಡ್ಡ, ನಡುವೆ ಒಂದು ಪಟ್ಟಿ ಗದ್ದೆ, ಗದ್ದೆಯ ಅಂಚಿನಲ್ಲಿ ಒಂದು ಬಾವಿ. ನನ್ನ ಪ್ರಾಯವೆಲ್ಲ ಆ ಬಾವಿಗೂ ನಮ್ಮ ಅಡಿಗೆಮನೆಗೂ ನಡುವೆ ಸವೆದುಹೋಯಿತು ಎಂದರೆ ಅದು ಅಲಂಕಾರದ ಮಾತಲ್ಲ.

ನಾನು ಸೊಸೆಯಾಗಿ ಬಂದಾಗ ಕೊಡಗು ಇನ್ನೂ ತನ್ನದೇ ಪುಟ್ಟ ರಾಜ್ಯ. ಈಗ ಹೇಳುತ್ತಿರುವುದು ಅದು ಮೈಸೂರಿಗೆ ಸೇರಿ ಕೆಲವು ವರ್ಷ ಕಳೆದ ಮೇಲಿನ ಸಂಗತಿ. ಬಾವಿಯಿದ್ದ ಜಾಗ ನಮ್ಮ ಮನೆಯದು, ನೀರು ಊರಿನದು. ಹಿಂದಿನ ಯಾರೋ ಅಜ್ಜ ಹಾಗೆಂದು ಬಿಟ್ಟುಕೊಟ್ಟದ್ದಂತೆ. ಎದುರು ಗುಡ್ಡದ ಮೇಲೆ ಒಂದು ದೊಡ್ಡ ಎಸ್ಟೇಟು. ಅದರ ಕೆಲಸದವರು ಸಾಲಾಗಿ ಕಟ್ಟಿದ ಲೈನ್ ಮನೆಗಳಲ್ಲಿದ್ದರು. ಅವರ ಹೆಂಗಸರೂ ನೀರಿಗೆ ಇಲ್ಲಿಗೇ ಬರಬೇಕು. ಬಾವಿಯ ಆಚೆ ಬದಿಯಲ್ಲಿ ಅವರಿಗೊಂದು ರಾಟೆ, ಈಚೆ ಬದಿಯಲ್ಲಿ ನಮಗೊಂದು. ಹಗ್ಗ ಬೇರೆ, ಕೊಡ ಬೇರೆ, ನೀರು ಮಾತ್ರ ಒಂದೇ. ಆಚೆಯ ರಾಟೆಯಲ್ಲಿ ಸೇಲಂ ಕಡೆಯಿಂದ ಬಂದ, ನನ್ನದೇ ವಯಸ್ಸಿನ ಹೆಂಗಸೊಬ್ಬಳು ನಾನು ಹೋದ ಹೊತ್ತಿಗೇ ಬರುತ್ತಿದ್ದಳು. ಅವಳ ತಮಿಳು ನನಗೆ ಅರ್ಧ ತಿಳಿಯುತ್ತಿತ್ತು, ನನ್ನ ಕನ್ನಡ ಅವಳಿಗೆ ಅರ್ಧ. ಮಕ್ಕಳ ಜ್ವರ, ಕೆಮ್ಮು, ಅತ್ತೆಯಂದಿರ ಬಾಯಿ, ಇವಕ್ಕೆ ಅಷ್ಟು ಭಾಷೆ ಧಾರಾಳ ಸಾಕಾಗಿತ್ತು.

ಬೇಸಿಗೆಯಲ್ಲಿ ಬಾವಿ ತಗ್ಗುವುದು ಹೊಸದಲ್ಲ. ಆದರೆ ಒಂದು ವರ್ಷ ಅದು ಪೂರಾ ಬತ್ತಿತು. ಕಾರಣ ಕಾಫಿಯ ಹೂವು. ನಮ್ಮ ಕಡೆಯ ರೊಬಸ್ಟಾ ಗಿಡ ಶಿವರಾತ್ರಿಯ ಸುಮಾರಿಗೆ ಮೊಗ್ಗು ಕಟ್ಟಿಕೊಂಡು ಮಳೆಗಾಗಿ ಬಾಯಿಬಿಟ್ಟು ನಿಂತಿರುತ್ತದೆ. ಆಗ ಒಂದು ಹೂಮಳೆ ಬಿದ್ದರೆ ಬೆಳೆ ಉಂಟು, ಬೀಳದಿದ್ದರೆ ಮೊಗ್ಗು ಸುಟ್ಟುಹೋಗಿ ವರ್ಷವೇ ಹಾಳು. ಆ ವರ್ಷ ಮೋಡ ಬಂದು ಬಂದು ಹೋಯಿತು. ಎಸ್ಟೇಟಿನವರು ಹೊಸ ಆಯಿಲ್ ಇಂಜಿನ್ ತಂದಿದ್ದರು. ಹೂವಿಗೆ ಒಂದಿಷ್ಟು ನೀರು ಹೊಡೆದುಕೊಳ್ಳುತ್ತೇವೆ ಎಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬಂದು ನನ್ನ ಮಾವನನ್ನು ಕೇಳಿದ. ಊರಿಗೆ ಹಿರಿಯರೆನಿಸಿಕೊಂಡಿದ್ದ ಮಾವನಿಗೆ ಇಲ್ಲ ಎನ್ನುವ ಅಭ್ಯಾಸವಿರಲಿಲ್ಲ; ಹೂಂ ಅಂದರು. ಬಾವಿಯ ಬಾಯಿಗೆ ಪೈಪು ಇಳಿಯಿತು. ಎಸ್ಟೇಟಿನದು ಮುಗಿದ ಮೇಲೆ ಅದೇ ಇಂಜಿನನ್ನು ಬಾಡಿಗೆಗೆ ತಂದು ಊರಿನ ಉಳಿದವರೂ ತಮ್ಮ ತಮ್ಮ ತೋಟಕ್ಕೆ ಹೊಡೆದುಕೊಂಡರು, ನಾವೂ ಸೇರಿ. ತೋಟವೆಲ್ಲ ಬೆಳ್ಳಗೆ ಹೂವಾಗಿ ಊರಿಗೆ ಊರೇ ಘಮಘಮ ಎಂದಿತು. ಯುಗಾದಿಯ ಹೊತ್ತಿಗೆ ಬಾವಿಯಲ್ಲಿ ಕೆಸರು ಮತ್ತು ಕಪ್ಪೆ. ಮಳೆ ಹಿಡಿಯುವವರೆಗೆ ನಾವು ಹೆಂಗಸರು ಗುಡ್ಡ ಹತ್ತಿ ಇಳಿದು ಹೊಳೆಯಿಂದ ನೀರು ಹೊತ್ತೆವು. ಆ ಸಲ ನನ್ನ ಕುತ್ತಿಗೆಗೆ ಹಿಡಿದ ನೋವು ಇನ್ನೂ ಬಿಟ್ಟಿಲ್ಲ.

ಅದೇ ಮಳೆಗಾಲ ನನ್ನ ಮೈದುನನಿಗೆ ಹುದಿಕೇರಿ ಕಡೆಯ ಹೆಣ್ಣು ಗೊತ್ತಾಯಿತು. ಮದುವೆ ಮುಂದಿನ ಬೇಸಿಗೆಗೆ, ತೋಟದ ಕೆಲಸವೆಲ್ಲ ಮುಗಿದ ಮೇಲೆ. ನಿಶ್ಚಯದ ಊಟ ಮುಗಿಸಿ ಬಂದವರೆಲ್ಲ ಸೀರೆ, ಒಡವೆ ಎಂದು ಮಾತಾಡುತ್ತಿದ್ದಾಗ ಅತ್ತೆ ಒಬ್ಬರೇ ಕಿಟಕಿಯಿಂದ ಬಾವಿಯ ಕಡೆ ನೋಡುತ್ತ ನಿಂತಿದ್ದರು. ನಮ್ಮವರಲ್ಲಿ ಹೊಸ ಸೊಸೆ ಗಂಡನ ಮನೆಗೆ ಬಂದು ಮೊದಲು ಮಾಡುವ ಕೆಲಸ ಗಂಗೆಪೂಜೆ. ಬಾವಿಕಟ್ಟೆಗೆ ವೀಳ್ಯದೆಲೆ, ಬಾಳೆಹಣ್ಣು ಇಟ್ಟು, ತೆಂಗಿನಕಾಯಿ ಒಡೆದು, ತಾನೇ ನೀರು ಸೇದಿ, ಕೊಡವನ್ನು ತಲೆಯ ಮೇಲಿಟ್ಟು ಅಡಿಗೆಮನೆಗೆ ತರಬೇಕು. ದಾರಿಯುದ್ದಕ್ಕೂ ಗಂಡಿನ ಕಡೆಯವರು ವಾಲಗಕ್ಕೆ ಕುಣಿಯುತ್ತ ಅವಳಿಗೆ ಅಡ್ಡ ನಿಲ್ಲುತ್ತಾರೆ. ಅವಳು ಮುಖ ಗಂಟಿಕ್ಕದೆ, ಕೊಡ ಅಲುಗಿಸದೆ ತಡೆದುಕೊಳ್ಳಬೇಕು. ಆ ನೀರು ಒಲೆಯ ಪಕ್ಕ ಇಳಿದ ಮೇಲೇ ಅವಳು ಆ ಮನೆಯವಳು.

“ನೀರ್ ಇಲ್ಲೆ ಅಂತಾದ್ರೆ ಎಂತ ಮಾಡ್ದು?” ಎಂದರು ಅತ್ತೆ.

ಪಕ್ಕದ ಊರಿನಲ್ಲಿ ಬೇರೆ ಮನೆಯ ಬಾವಿ ಇದೆಯಲ್ಲ, ಎಂದೆ ನಾನು. ಅವರು ನನ್ನನ್ನು ನೋಡಿದ ನೋಟಕ್ಕೆ ನಾನು ಅಲ್ಲೇ ಬಾಯಿ ಮುಚ್ಚಬೇಕಿತ್ತು.

“ಬೇರೆವರ ಬಾವಿಲಿ ನೀರೆತ್ತಿರೆ ಆ ಮನೆ ಸೊಸೆ ಆದಂಗೆ. ಮತ್ತೆ ನಮ್ಮನೆಗೆ ಎಂತಕೆ?”

ಹೀಗೆ ನಮ್ಮ ಮನೆಗೆ ಒಂದು ಗುರಿ ಸಿಕ್ಕಿತು. ಮುಂದಿನ ಬೇಸಿಗೆಯಲ್ಲಿ, ಮದುವೆಯ ದಿನ, ನಮ್ಮ ಬಾವಿಯಲ್ಲಿ ನೀರಿರಬೇಕು. ಮಾವನಿಗೂ ಅದು ಮನಸ್ಸಿಗೆ ನಾಟಿತ್ತು. ಬಾಯಿಬಿಟ್ಟು ಹೇಳುವವರಲ್ಲ, ಆದರೆ ಗದ್ದೆಗೆ ಹೋಗಿ ಬರುವಾಗಲೆಲ್ಲ ಬಾವಿಗೆ ಒಮ್ಮೆ ಇಣುಕಿ ಬರುತ್ತಿದ್ದರು.

ಅಷ್ಟರಲ್ಲಿ ಬ್ಲಾಕ್ ಆಫೀಸಿನಿಂದ ಒಬ್ಬ ಅಧಿಕಾರಿ ಬಂದರು. ಮೈಸೂರು ಕಡೆಯವರು, ಚಿಕ್ಕ ಪ್ರಾಯ, ಜಿಗಣೆಗೆ ಹೆದರಿ ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿಕೊಂಡಿದ್ದರು. ಊರಿನ ಬಾವಿ ಬತ್ತಿದ ಸುದ್ದಿ ಅವರಿಗೆ ಹೇಗೋ ಮುಟ್ಟಿತ್ತು. ನಮ್ಮ ಜಗುಲಿಯಲ್ಲಿ ಹಿರಿಯರೆಲ್ಲ ಸೇರಿದರು. ಸರ್ಕಾರ ಇನ್ನೊಂದು ಬಾವಿ ತೋಡಿಸಿಕೊಡುತ್ತದೆ ಎಂದು ಎಲ್ಲರೂ ಕಾದು ಕೂತಿದ್ದರೆ ಆತ ಬೇರೆಯೇ ರಾಗ ತೆಗೆದರು.

“ಇದು ನಾವು ಬಂದು ಮಾಡಿಕೊಡೋ ಕೆಲಸ ಅಲ್ಲ. ನೀವೇ ಕೂತು ಯೋಚನೆ ಮಾಡ್ಬೇಕು. ಯಾರಿಗೆ ಎಷ್ಟು ನೀರು, ಯಾವಾಗ ನಿಲ್ಲಿಸ್ಬೇಕು, ಎಲ್ಲಾ ನೀವೇ ಹೇಳಿ. ನಾನು ಬರೀ ಜೊತೆಗಿರ್ತೀನಿ.”

ಏನೂ ಮಾಡಿಕೊಡದ ಸರ್ಕಾರ ಜೊತೆಗಿರಲಿಕ್ಕೆ ಒಬ್ಬರನ್ನು ಕಳಿಸುವುದು ಯಾತಕ್ಕೆ ಎಂದು ಹಿರಿಯರು ಮುಖ ಮುಖ ನೋಡಿಕೊಂಡರು. ಆದರೂ ಮನೆಗೆ ಬಂದವರಿಗೆ ಬೇಡ ಎನ್ನಲಾಗುತ್ತದೆಯೇ? ಬಾವಿ ಸಮಿತಿ ಆಯಿತು. ಮಾವ, ಎಸ್ಟೇಟಿನ ರೈಟರ್, ಹಾಸನದ ಕಡೆಯಿಂದ ಬಂದು ನಮ್ಮ ಮೇಲ್ಬದಿಯಲ್ಲಿ ಜಮೀನು ಕೊಂಡಿದ್ದ ಒಬ್ಬ ಯಜಮಾನರು, ಇನ್ನು ಕೆಲವರು. ಹೆಂಗಸರೊಬ್ಬರು ಇರಲೇಬೇಕು ಎಂದು ಅಧಿಕಾರಿ ಹಟ ಹಿಡಿದರು. ಮಾವ ಒಳಗೆ ಕಣ್ಣು ಹಾಯಿಸಿ ನನ್ನನ್ನು ಕರೆದರು.

“ನೀನೇ ಕೂರು. ಕಾಫಿ ತರ್ದು ಹೆಂಗೂ ನೀನೇ ಅಲ್ಲಾ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಮಡಿಕೇರಿಯಲ್ಲಿ ಎಂಟನೆಯ ತರಗತಿವರೆಗೆ ಓದಿದವಳು ಕೊನೆಗೂ ಒಂದು ಕಡೆ ಸದಸ್ಯೆಯಾದೆ, ಅದೂ ಕಾಫಿಯ ಹರಿವಾಣ ಕೈಯಲ್ಲಿ ಹಿಡಿದುಕೊಂಡು. ಲೈನಿನವರನ್ನೂ ಕರೆಯಬೇಕಲ್ಲವೆ ಎಂದು ಅಧಿಕಾರಿ ಕೇಳಿದಾಗ ರೈಟರ್ ಕೈಯಾಡಿಸಿಬಿಟ್ಟ. ಕಣ್ಣೂರಿನ ಕಡೆಯವನು, ಮಾತು ಮೆದು, ಆದರೆ ಯಾವುದಕ್ಕೂ ಜಗ್ಗುವವನಲ್ಲ.

“ಅವರದ್ದು ನಾನ್ ಹೇಳ್ತೇನಲ್ಲಾ ಸಾರ್. ಅವರಿಗೆ ಕೆಲಸ ಉಂಟು.”

ಆಮೇಲೆ ಸಭೆಗಳು ಶುರುವಾದವು. ಆ ಮಳೆಗಾಲ, ಅದರ ಹಿಂದೆ ಬಂದ ಚಳಿಗಾಲ, ನನಗೆ ನೆನಪಿರುವುದು ಮಳೆಗೆ ಹೊದ್ದು ಬಂದು ಜಗುಲಿಯಲ್ಲಿ ಬಿಚ್ಚಿಟ್ಟ ಒದ್ದೆ ಗೊರಬೆಗಳ ವಾಸನೆ ಮತ್ತು ತೀರದ ಮಾತು. ಮಾವ ನಮ್ಮ ಮನೆಮಾತಾದ ಅರೆಭಾಷೆಯಲ್ಲಿ, ಯಜಮಾನರು ಹಾಸನದ ಕನ್ನಡದಲ್ಲಿ, ರೈಟರ್ ಅರ್ಧ ಮಲೆಯಾಳದಲ್ಲಿ. ಹೊಲದ ಬೇಲಿ, ತಪ್ಪಿಸಿಕೊಂಡ ದನ, ಯಾರದೋ ಅಜ್ಜನ ಕಾಲದ ಜಗಳ ಎಲ್ಲ ಬಂದು ಹೋಗಿ, ಕೊನೆಯಲ್ಲಿ ಎಲ್ಲರೂ ಏಳುವ ಹೊತ್ತಿಗೆ ಯಾರಿಗಾದರೂ ಬಾವಿಯ ನೆನಪಾಗುತ್ತಿತ್ತು. ನಾನು ಲೋಟ ತೊಳೆದೆ, ಮತ್ತೆ ಕಾಫಿ ಇಳಿಸಿದೆ, ಮತ್ತೆ ಲೋಟ ತೊಳೆದೆ. ನೀರು ಉಳಿಸುವ ಮಾತಿಗೆ ಖರ್ಚಾದ ನೀರಿನ ಲೆಕ್ಕ ನನಗೊಬ್ಬಳಿಗೇ ಗೊತ್ತು ಎಂದು ಒಮ್ಮೆ ಗೊಣಗಿದೆ, ಯಾರೂ ಕೇಳಿಸಿಕೊಳ್ಳಲಿಲ್ಲ.

ಆ ಅಧಿಕಾರಿಯನ್ನು ನಾನು ದೂರುವುದಿಲ್ಲ. ಪಾಪ, ಸಹನೆಯ ಮನುಷ್ಯ. ಒಂದು ಉದ್ದದ ಕತ್ತದ ಹಗ್ಗ ತಂದು ಅದಕ್ಕೆ ಅಲ್ಲಲ್ಲಿ ಬಟ್ಟೆಯ ಚೂರು ಕಟ್ಟಿ ತೋರಿಸಿದರು. ವಾರಕ್ಕೊಮ್ಮೆ ಇದನ್ನು ಇಳಿಬಿಡಿ, ನೀರು ಕೆಂಪು ಬಟ್ಟೆಯವರೆಗೆ ತಗ್ಗಿದರೆ ಕುಡಿಯಲಿಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಯಾರೂ ನೀರೆತ್ತಬೇಡಿ ಎಂದರು. ನೆಲದ ಅಡಿಯಲ್ಲಿರುವ ನೀರು ಒಂದೇ, ಎಲ್ಲಿ ತೂತು ಕೊರೆದರೂ ಅಲ್ಲಿಂದಲೇ ಬರುವುದು ಎಂದೂ ಹೇಳಿದರು. ಅದಕ್ಕೆ ಹಾಸನದ ಯಜಮಾನರು ಬಹಳ ಮರ್ಯಾದೆಯಿಂದ ಉತ್ತರ ಕೊಟ್ಟರು.

“ನೋಡಿ ಸ್ವಾಮಿ, ಬಾವಿ ನೀರು ಊರಿಂದು, ಒಪ್ತೀನಿ. ನಮ್ ಜಮೀನೊಳಗಿರೋ ನೀರು ನಮ್ದು. ಎಲ್ಡೂ ಬೆರೆಸ್ಬೇಡಿ.”

ಎಲ್ಲರೂ ತಲೆಯಾಡಿಸಿದರು. ಅಧಿಕಾರಿ ಇನ್ನೊಮ್ಮೆ ವಿವರಿಸಿದರು. ಆಗಲೂ ಎಲ್ಲರೂ ತಲೆಯಾಡಿಸಿದರು. ನಮ್ಮ ಕಡೆ ತಲೆಯಾಡಿಸುವುದೆಂದರೆ ಮಾತು ಸಾಕು ಎಂದರ್ಥ, ಪಾಪ ಅವರಿಗೆ ಅದು ತಿಳಿಯದು.

ಕಾಫಿ ಕುಯ್ಲು ಮುಗಿಯುತ್ತ ಬಂದಾಗ ಒಂದು ತೀರ್ಮಾನಕ್ಕೆ ಬಂದರು. ಊರಿನ ಬಾವಿಗೆ ಇನ್ನು ಮೇಲೆ ಯಾರೂ ಇಂಜಿನ್ ಇಡಬಾರದು. ಅಧಿಕಾರಿ ಅದನ್ನು ಬರೆದು, ಸಹಿ ಹಾಕಿ ಎಂದು ಕಾಗದ ಮುಂದಿಟ್ಟರು. ಮಾವ ಅದನ್ನು ಬದಿಗೆ ಸರಿಸಿ ಒಳಗೆ ಹೋದರು. ತುಲಾ ಸಂಕ್ರಮಣಕ್ಕೆ ತಲಕಾವೇರಿಯಿಂದ ತಂದ ತೀರ್ಥವನ್ನು ನಮ್ಮ ಕಡೆಯ ಮನೆಗಳಲ್ಲಿ ವರ್ಷವಿಡೀ ಇಟ್ಟುಕೊಂಡಿರುತ್ತಾರೆ. ಸಾಯುವವರ ಬಾಯಿಗೆ ಬಿಡುವುದು ಅದನ್ನೇ. ಆ ಕುಪ್ಪಿಯನ್ನು ಹಿಡಿದುಕೊಂಡು ಹೊರಗೆ ಬಂದು ಎಲ್ಲರನ್ನೂ ಬಾವಿಕಟ್ಟೆಗೆ ಕರೆದುಕೊಂಡು ಹೋದರು. ಪೂರ್ವಕ್ಕೆ ಮುಖ ಮಾಡಿ ನಿಂತು ಒಬ್ಬೊಬ್ಬರ ಅಂಗೈಗೂ ತೀರ್ಥ ಬಿಟ್ಟರು. ಕಾವೇರಮ್ಮನ ಆಣೆ, ಈ ಬಾವಿಗೆ ಇಂಜಿನ್ ಇಡುವುದಿಲ್ಲ ಎಂದು ಒಬ್ಬೊಬ್ಬರೂ ಹೇಳಿ ಕುಡಿದರು. ರೈಟರ್ ಕೂಡ ಕುಡಿದ. ಯಜಮಾನರು ಚಪ್ಪಲಿ ಬಿಟ್ಟು ಕುಡಿದರು. ಅಧಿಕಾರಿ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ಇನ್ನು ಮದುವೆಗೆ ನೀರು ಉಂಟು ಎಂದು ಅತ್ತೆ ಅಂದು ಹಬ್ಬದ ಅಡಿಗೆ ಮಾಡಿದರು.

ಮುಂದಿನ ವಾರ ನಾನು ಬಟ್ಟೆ ಕಟ್ಟಿದ ಹಗ್ಗ ಹಿಡಿದುಕೊಂಡು ಬಾವಿಗೆ ಹೋದೆ. ಇನ್ನೂ ಪೂರ್ತಿ ಇಳಿಬಿಟ್ಟಿರಲಿಲ್ಲ, ಹಿಂದಿನಿಂದ ಮಾವನ ದನಿ ಕೇಳಿತು.

“ಎಂತ ಮಾಡ್ದು ನೀನ್?”

ಅಳೆಯುತ್ತಿದ್ದೇನೆ ಎಂದೆ.

“ತೀರ್ಥ ಕುಡ್ದ್ ಆತಲ್ಲಾ. ಇನ್ನ್ ಎಂತ ಅಳಿಯಾದು?”

ಕೋಪದ ದನಿಯಲ್ಲ. ನಾನೇನೋ ನಾಚಿಕೆಗೆಟ್ಟ ಕೆಲಸ ಮಾಡುತ್ತಿದ್ದೇನೆ ಎಂಬಂತೆ ಅವರು ಆ ಕಡೆ ಈ ಕಡೆ ನೋಡಿದರು, ಯಾರಾದರೂ ಕಂಡರೇ ಎಂದು. ನನಗೆ ಆಮೇಲೆ ಅರ್ಥವಾಯಿತು. ಕಾವೇರಮ್ಮನ ಹೆಸರಿನಲ್ಲಿ ಮಾತು ಕೊಟ್ಟವನ ಹಿಂದೆ ಹಗ್ಗ ಹಿಡಿದು ಹೋಗಿ ಅಳೆಯುವುದೆಂದರೆ ಅವನನ್ನು ಸುಳ್ಳ ಎಂದು ಕರೆದಂತೆ. ಊರಿನಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ಸಮಿತಿ ಇದ್ದದ್ದೇ ನೋಡಿಕೊಳ್ಳುವುದಕ್ಕೆ, ಆಣೆಯಾದ ಮೇಲೆ ನೋಡಿಕೊಳ್ಳುವುದೇ ಅವಮಾನವಾಯಿತು. ಅಲ್ಲಿಗೆ ಸಭೆಗಳೂ ನಿಂತವು. ಹಗ್ಗ ಕೊಟ್ಟಿಗೆ ಸೇರಿತು. ನನಗಂತೂ ಲೋಟ ತೊಳೆಯುವುದು ತಪ್ಪಿತಲ್ಲ ಎಂದು ಒಳಗೊಳಗೇ ಹಾಯೆನಿಸಿತು.

ಆಣೆಯನ್ನು ಯಾರೂ ಮುರಿಯಲಿಲ್ಲ. ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಆದರೆ ಕಾಫಿಗೆ ನೀರು ಬೇಕಲ್ಲ? ಮೊದಲು ಎಸ್ಟೇಟಿನವರು ಬಾವಿಯಿಂದ ಒಂದು ಕೂಗಿನಷ್ಟು ದೂರದಲ್ಲಿ, ತಮ್ಮದೇ ಜಾಗದಲ್ಲಿ, ಒಂದು ಕೆರೆ ತೋಡಿಸಿದರು. ನೆಲ ಕೆಂಪಗೆ ಬಾಯ್ದೆರೆದು, ಅಡಿಯಿಂದ ನೀರು ಬುಗುಬುಗು ಬಂತು. ನೋಡಲಿಕ್ಕೆ ಊರೇ ಹೋಯಿತು. ಅದನ್ನು ಕಂಡು ಹಾಸನದ ಯಜಮಾನರು ತಮ್ಮ ಹೊಲದ ಕೆಳಗೆ ಒಂದು ತೋಡಿಸಿದರು. ಕೊನೆಗೆ ನಮ್ಮ ಮಾವನೂ ತೋಡಿಸಿದರು, ಗದ್ದೆಯ ಮೇಲುಗಡೆ, ನಮ್ಮದೇ ತೋಟದ ತಗ್ಗಿನಲ್ಲಿ. ಬಾವಿಗೆ ಕೈ ಹಾಕುವುದಿಲ್ಲ ಎಂದು ಮಾತು ಕೊಟ್ಟಿದ್ದರಿಂದಲೇ ಈ ಕಷ್ಟ ಎಂದು ಎಲ್ಲರಿಗೂ ಹೆಮ್ಮೆ. ಬಾವಿ ಉಳಿಸಲಿಕ್ಕೆ ನಾವು ಎಷ್ಟು ಬೆವರು ಹರಿಸಿದೆವು ನೋಡಿ ಎಂದು ರೈಟರ್ ಒಮ್ಮೆ ನಮ್ಮ ಜಗುಲಿಯಲ್ಲೇ ಕೂತು ಹೇಳಿದ. ಅವನು ಬಾಯಿಮಾತಿಗೆ ಹೇಳಿದ್ದಲ್ಲ, ಮನಸಾರೆ ಹೇಳಿದ್ದು.

ಆ ವರ್ಷವೂ ಹೂಮಳೆ ಕೈಕೊಟ್ಟಿತು. ಒಂದೊಂದು ಕೆರೆಯ ದಡದಲ್ಲೂ ಇಂಜಿನ್ ಗುಡುಗುಡು ಎಂದಿತು. ಬೆಳಗ್ಗೆ ಎದ್ದರೆ ಹೂವಿನ ವಾಸನೆಯ ಜೊತೆ ಡೀಸೆಲ್ ವಾಸನೆ. ನಾನು ಕೊಡ ಇಳಿಬಿಟ್ಟಾಗ ಕೈಯಲ್ಲಿ ಉಳಿಯುವ ಹಗ್ಗ ದಿನದಿನಕ್ಕೆ ಗಿಡ್ಡವಾಯಿತು. ನೀರಿನ ಮೇಲಿದ್ದ ಕಲ್ಲುಕಟ್ಟಿನ ಪಾಚಿ ಒಣಗಿ ಉದುರತೊಡಗಿತು. ಆಚೆ ರಾಟೆಯ ಗೆಳತಿ ನನ್ನ ಕಡೆ ನೋಡಿ ಕೈ ತಿರುಗಿಸಿದಳು, ಏನಿದು ಎಂಬಂತೆ. ನಾನು ಹೋಗಿ ಮಾವನಿಗೆ ಹೇಳಿದೆ. ಅವರು ಬಂದು ಬಾವಿಯೊಳಗೆ ಬಗ್ಗಿ ಬಹಳ ಹೊತ್ತು ನೋಡಿದರು.

“ಬಾವಿಗೆ ಇಂಜಿನ್ ಇಟ್ಟವು ಯಾರ್? ಯಾರೂ ಇಲ್ಲೆ. ಮತ್ತೆ ನೀರ್ ಎಲ್ಲಿಗೆ ಹೋತ್?”

ನಿಜವಾಗಿಯೂ ಅವರಿಗೆ ತಿಳಿಯದು. ಮುಖ ನೋಡಿದರೆ ಅಯ್ಯೋ ಅನಿಸುವಂತಿತ್ತು. ಆಮೇಲೆ ಅವರ ಹುಬ್ಬು ಗಂಟಿಕ್ಕಿತು.

“ಸುಳ್ಳಾಣೆ ಹಾಕಿದವ ಒಬ್ಬ ಉಟ್ಟು ನಮ್ಮೊಳಗೆ.”

ನಿಂತುಹೋಗಿದ್ದ ಸಭೆ ಹೀಗೆ ಮತ್ತೆ ಸೇರಿತು, ಬಾವಿಗೆ ಏನು ಮಾಡುವುದು ಎಂದಲ್ಲ, ಸುಳ್ಳ ಯಾರು ಎಂದು ಹುಡುಕಲಿಕ್ಕೆ. ಅಧಿಕಾರಿಗೆ ಆಗಲೇ ಬೇರೆ ಕಡೆಗೆ ವರ್ಗವಾಗಿತ್ತು. ಅವರ ಜಾಗಕ್ಕೆ ಬಂದವರು ನಮ್ಮ ಊರಿನ ಹೆಸರನ್ನೂ ಕೇಳಿರಲಾರರು. ಯಜಮಾನರು ರೈಟರನ್ನು ಓರೆಗಣ್ಣಿನಿಂದ ನೋಡಿದರು, ರೈಟರ್ ಯಜಮಾನರನ್ನು. ಇಬ್ಬರೂ ಎದ್ದು ನಿಂತು ಕಾವೇರಮ್ಮನ ಹೆಸರು ತೆಗೆದರು. ಇಬ್ಬರ ಮಾತೂ ಸತ್ಯ, ಅದು ಎಲ್ಲರಿಗೂ ಕಾಣುತ್ತಿತ್ತು. ಹಾಗಾದರೆ ಉಳಿದವರು ಯಾರು? ತೀರ್ಥ ಕುಡಿಯದವರು. ತೀರ್ಥ ಕುಡಿಯದೆ ಈ ಬಾವಿಯಿಂದ ನೀರೆತ್ತುವವರು ಯಾರು? ಲೈನಿನವರು.

“ಬಿಂದಿಗೆಲಿ ಎತ್ತಿದ್ಕೆ ಬಾವಿ ಬತ್ತುದು ಉಂಟಾ, ಮಾವ? ಅವ್ರು ಹಿಂದೆನೂ ಎತ್ತಿತಿದ್ದೊ ಅಲ್ಲಾ?” ಎಂದೆ ನಾನು. ಹರಿವಾಣ ಕೈಯಲ್ಲೇ ಇತ್ತು.

“ನೀ ಕಾಫಿ ಕೊಡ್,” ಎಂದರು ಮಾವ.

ಕೊಟ್ಟೆ. ನನಗೆ ಸಿಟ್ಟು ನೆತ್ತಿಗೇರಿತ್ತು, ಜೊತೆಗೆ ಸುಸ್ತೂ ಆಗಿತ್ತು. ಸುಸ್ತು ಸಿಟ್ಟಿಗಿಂತ ದೊಡ್ಡದು. ಪಾತ್ರೆ ಬಟ್ಟೆಯ ನೀರಿಗೆ ಆಗಲೇ ಮತ್ತೆ ಹೊಳೆಗೆ ಹೋಗುವಂತಾಗಿತ್ತು; ಹೊಳೆಯಿಂದ ನೀರು ಹೊತ್ತು ಬಂದ ದಿನ ಯಾರೊಂದಿಗೂ ವಾದಿಸಲು ಮನಸ್ಸು ಬಾರದು. ಮಾರನೆಯ ದಿನ ಆಚೆ ಬದಿಯ ರಾಟೆಯನ್ನು ಬಿಚ್ಚಿಟ್ಟರು. ಮದುವೆ ಮುಗಿಯುವವರೆಗೆ ಮಾತ್ರ ಎಂದು ರೈಟರ್ ಲೈನಿಗೆ ಹೋಗಿ ಹೇಳಿದನಂತೆ. ನನ್ನ ಗೆಳತಿ ಆಮೇಲೆ ಬರಲಿಲ್ಲ. ಬಾವಿ ಅದಕ್ಕೂ ಏರಲಿಲ್ಲ. ಇಂಜಿನ್‌ಗಳು ಓಡುತ್ತಲೇ ಇದ್ದವು, ಯಾರದೂ ತಪ್ಪಿಲ್ಲದೆ.

ಮದುವೆಯ ದಿನ ಬಂತು. ಬಾವಿಯ ತಳದಲ್ಲಿ ಅಂಗೈಯಗಲದ ಕೆಸರು ಹೊಳೆಯುತ್ತಿತ್ತು, ಅಷ್ಟೇ. ಅತ್ತೆ ಅಳಲಿಲ್ಲ. ಸೆರಗು ಬಿಗಿದುಕೊಂಡು ಮನೆಯ ಹೆಂಗಸರನ್ನೆಲ್ಲ ಒಟ್ಟುಮಾಡಿ, ನಮ್ಮ ಕೆರೆಯಿಂದ ನೀರು ತಂದು ಬಾವಿಗೆ ಹುಯ್ಯಿರಿ ಎಂದರು. ಬೆಳಗಿನಿಂದ ನಾವು ಅದನ್ನೇ ಮಾಡಿದೆವು. ಹೊಸ ಸೀರೆ ಸೊಂಟಕ್ಕೆ ಸಿಕ್ಕಿಸಿಕೊಂಡು ಕೆರೆಗೆ ಇಳಿದು, ತುಂಬಿಸಿ, ತೋಟದ ಇಳಿಜಾರಿನಲ್ಲಿ ಹೊತ್ತು ತಂದು ಬಾವಿಗೆ ಸುರಿದೆವು. ಸುರಿದ ನೀರು ಕಲ್ಲಿನ ಮೇಲೆ ಸದ್ದು ಮಾಡಿ ಬೀಳುತ್ತಿತ್ತು, ಸ್ವಲ್ಪ ಹೊತ್ತು ನಿಲ್ಲುತ್ತಿತ್ತು, ಇನ್ನೊಂದು ಕೊಡ ತರುವಷ್ಟರಲ್ಲಿ ಇಂಗಿಹೋಗಿರುತ್ತಿತ್ತು. ಕೆರೆಯಲ್ಲೂ ನೀರು ಮೊಣಕಾಲಿಗೆ ಬಂದಿತ್ತು. ನನಗೆ ನಗುವೂ ಬಂತು, ಅಳುವೂ ಬಂತು. ಬಾವಿಯಿಂದ ಸೇದಿ ಸೇದಿ ಗೊತ್ತಿದ್ದ ಕೈಗಳು ಬಾವಿಗೆ ಸುರಿಯುತ್ತಿದ್ದವು.

ಮಾವ ಮದುವೆಯ ಉಡುಪಿನಲ್ಲಿ ಕೆರೆಗೂ ಬಾವಿಗೂ ನಡುವೆ, ಒಂದು ಹಲಸಿನ ಮರದ ಕೆಳಗೆ ನಿಂತಿದ್ದರು. ನಾವು ಹೋಗುವುದನ್ನು ನೋಡುತ್ತಿದ್ದರು, ಬರುವುದನ್ನು ನೋಡುತ್ತಿದ್ದರು. ಕೆರೆಯ ಕಡೆ ಒಮ್ಮೆ, ಬಾವಿಯ ಕಡೆ ಒಮ್ಮೆ. ನಾನು ಪಕ್ಕದಲ್ಲಿ ಹಾದುಹೋಗುವಾಗ ತಮಗೆ ತಾವೇ ಹೇಳಿಕೊಳ್ಳುವಂತೆ ಅಂದರು:

“ಸುಳ್ಳಾಣೆ ಯಾರೂ ಹಾಕಿತ್ಲೆ.”

ಯಾರೂ ಸುಳ್ಳು ಹೇಳಿರಲಿಲ್ಲ ಎಂಬುದು ಅವರಿಗೆ ಆಗ ಹೊಳೆದಿರಬೇಕು. ಒಬ್ಬ ಸುಳ್ಳ ಸಿಕ್ಕಿದ್ದರೆ ಅವರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮಧ್ಯಾಹ್ನ ವಾಲಗದೊಂದಿಗೆ ಹುದಿಕೇರಿಯ ಹೆಣ್ಣು ಬಂದಳು. ಗಂಗೆಪೂಜೆಗೆ ಬಾವಿಕಟ್ಟೆಯ ಬಳಿ ಕೂರಿಸಿದರು. ಅವಳ ತವರಿನ ಹೆಂಗಸರು ಬಗ್ಗಿ ನೋಡಿ ಹಿಂದೆ ಸರಿದು ನಿಂತರು. ಹುಡುಗಿ ಕೊಡ ಇಳಿಬಿಟ್ಟಳು. ಹಗ್ಗ ಇಳಿಯಿತು, ಇಳಿಯಿತು, ಕೊನೆಗೆ ಪಚ್ ಎಂಬ ಸದ್ದು. ವಾರೆ ಮಾಡಿ, ಜಗ್ಗಿ, ಮತ್ತೆ ವಾರೆ ಮಾಡಿ ಅವಳು ಎಳೆದದ್ದು ಕೆಂಪು ಕೆಸರುನೀರು. ಅದನ್ನೇ ಸಿಂಬಿಯ ಮೇಲಿಟ್ಟುಕೊಂಡು ಎದ್ದು ನಿಂತಳು. ಮುಖದಲ್ಲಿ ಏನನ್ನೂ ತೋರಿಸಲಿಲ್ಲ. ವಾಲಗ ಜೋರಾಯಿತು, ಗಂಡಿನ ಕಡೆಯ ಹುಡುಗರು ಅಡ್ಡ ನಿಂತು ಕುಣಿಯತೊಡಗಿದರು. ಕೆಸರು ತುಳುಕಿ ಅವಳ ಹಣೆಯ ಮೇಲೆ, ಕೆಂಪು ಸೀರೆಯ ಮೇಲೆ ಇಳಿಯುತ್ತಿತ್ತು. ಇದು ಗಂಟೆಗಟ್ಟಲೆ ನಡೆಯುವ ಕುಣಿತ, ಹಿರಿಯರು ಇದನ್ನು ನಿಲ್ಲಿಸುವ ಪದ್ಧತಿಯಿಲ್ಲ. ಮಾವ ಗುಂಪಿನ ಒಳಗೆ ಬಂದು, ಹುಡುಗಿಗೆ ದಾರಿ ಬಿಡುವಂತೆ ಕೈ ಮಾಡಿದರು.

“ಗೂಡೆನ ಬುಡಿ. ಸಾಕ್.”

ವಾಲಗದವರು ನಿಲ್ಲಿಸಿದರು. ಹುಡುಗಿ ಆ ನಿಶ್ಶಬ್ದದಲ್ಲಿ ನಡೆದು ಒಳಗೆ ಬಂದು ಒಲೆಯ ಪಕ್ಕ ಕೊಡ ಇಳಿಸಿದಳು. ಅತ್ತೆ ಅದರ ಮೇಲೊಂದು ತಟ್ಟೆ ಮುಚ್ಚಿದರು.

ಮಾರನೆಯ ಬೆಳಗ್ಗೆ ಮನೆ ತುಂಬ ನೆಂಟರು, ಹಂಡೆಗಳೆಲ್ಲ ಖಾಲಿ. ಹೊಸ ಸೊಸೆ ಎದ್ದು, ಕೂದಲು ಕಟ್ಟಿಕೊಂಡು, ಅಡಿಗೆಮನೆಯಲ್ಲಿ ನನ್ನ ಮುಂದೆ ಬಂದು ನಿಂತಳು. ಬಂದ ಮೇಲೆ ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು.

“ಅಕ್ಕ, ಕುಡಿಯುವ ನೀರು ಎಲ್ಲಿಂದ ತರುವುದು?”

ಕೆರೆಯ ನೀರಿನ ಮೇಲೆ ಎಣ್ಣೆಯ ಪೊರೆ. ಹೊಳೆಗೆ ಹೋಗಿ ಬರುವಷ್ಟರಲ್ಲಿ ಹಸಿದ ಮಕ್ಕಳು ಕೂಗಿ ಮನೆ ಕಿತ್ತುಹಾಕುತ್ತಾರೆ. ಲೈನಿನ ಹೆಂಗಸರು ಎದುರು ಗುಡ್ಡದ ಬುಡದ ಜೌಗಿನಲ್ಲಿ ಎಲ್ಲೋ ಒರತೆ ತೋಡಿಕೊಂಡಿದ್ದಾರೆ ಎಂದು ಮಾತ್ರ ಕೇಳಿದ್ದೆ. ಅವಳನ್ನು ಕರೆದುಕೊಂಡು, ಇಬ್ಬರೂ ಒಂದೊಂದು ಕೊಡ ಹಿಡಿದು ಗದ್ದೆ ದಾಟಿದೆವು.

ಒರತೆ ಎಂದರೆ ಒಂದು ಸಣ್ಣ ಗುಂಡಿ. ಒಡೆದ ಪೀಪಾಯಿಯೊಂದನ್ನು ಅದಕ್ಕೆ ಇಳಿಸಿದ್ದರು. ನೀರು ಬಹಳ ನಿಧಾನವಾಗಿ ಊರುತ್ತಿತ್ತು. ಸುತ್ತ ಕೊಡಗಳು ಸಾಲಾಗಿ ಕೂತಿದ್ದವು, ನಮ್ಮನ್ನು ಕಂಡು ಹೆಂಗಸರ ಮಾತು ನಿಂತಿತು. ನನ್ನ ಗೆಳತಿ ಪೀಪಾಯಿಯ ಬಳಿ ಕುಕ್ಕರುಗಾಲಿನಲ್ಲಿ ಕೂತು ನೀರನ್ನೇ ನೋಡುತ್ತಿದ್ದಳು. ಒಬ್ಬರಾದ ಮೇಲೆ ಒಬ್ಬರು ಹೀಗೆ ಕೂತು ನೋಡುವುದು ಅವರು ಮಾಡಿಕೊಂಡಿದ್ದ ಏರ್ಪಾಡು. ನೀರು ಒಂದು ಮಟ್ಟಕ್ಕೆ ಏರಿದ ಮೇಲೇ ಮುಂದಿನ ಕೊಡ. ಅವಳು ನನ್ನನ್ನು ನೋಡಿದಳು, ಹೊಸ ಸೊಸೆಯ ಕೈಯ ಬಳೆಗಳನ್ನು ನೋಡಿದಳು, ಸಾಲಿನ ಕೊನೆಯನ್ನು ಗದ್ದದಿಂದ ತೋರಿಸಿದಳು. ನಾವು ಹೋಗಿ ನಿಂತೆವು. ಯಾರೂ ನಮ್ಮನ್ನು ಮುಂದೆ ಬಿಡಲಿಲ್ಲ, ಯಾರೂ ಓಡಿಸಲೂ ಇಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು.

ನಮ್ಮ ಸರದಿ ಬಂದಾಗ ಬಿಸಿಲು ಏರಿತ್ತು. ಒಂದು ಕೊಡ ತುಂಬಿತು. ನಾನು ಇನ್ನೊಂದನ್ನು ಮುಂದಕ್ಕೆ ಸರಿಸಿದೆ. ಗೆಳತಿ ಅದರ ಬಾಯಿಗೆ ಕೈ ಅಡ್ಡ ಇಟ್ಟು, ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಹೇಳಿದಳು.

“ಮನೆಗೆ ಒಂದು ಕೊಡ, ಅಮ್ಮಾ. ಲೈನಿಗೂ ಹಾಗೇ, ನಿಮಗೂ ಹಾಗೇ.”

“ಮನೆ ತುಂಬ ನೆಂಟರಿದ್ದಾರೆ,” ಎಂದೆ.

“ಗೊತ್ತು. ವಾಲಗ ಇಲ್ಲೀವರೆಗೂ ಕೇಳ್ತಿತ್ತು.”

ಹೊಸ ಸೊಸೆ ಸೆರಗನ್ನು ಸುತ್ತಿ ಸಿಂಬಿ ಮಾಡಿ, ತುಂಬಿದ ಕೊಡವನ್ನು ತಾನೇ ತಲೆಗೇರಿಸಿಕೊಂಡು, ಗದ್ದೆಯ ಬದುವಿನ ಮೇಲೆ ನಡೆದಳು. ತಿಳಿ ನೀರು, ಒಂದು ಹನಿಯೂ ತುಳುಕಲಿಲ್ಲ. ಖಾಲಿ ಕೊಡ ಸೊಂಟಕ್ಕೆ ಇಟ್ಟುಕೊಂಡು ನಾನು ಹಿಂದೆ ಹೋದೆ. ಈ ಸಲ ಅವಳ ದಾರಿಗೆ ಅಡ್ಡ ನಿಂತು ಕುಣಿಯುವವರು ಯಾರೂ ಇರಲಿಲ್ಲ.